ಅಳಿಯ ತಂದ ತೊಗಟೆಬಟ್ಟೆ

ಬುದ್ದು ಸೀಮೆ, ಮಸಾಕಾ
ಆಸ್ಪತ್ರೆಯ ಹೆಂಗಸರ ವಾರ್ಡು, ಕಿಟಕಿ ಪಕ್ಕದ ಮಂಚ
14 ಆಗಸ್ಟ್ 1996, ಬುಧವಾರ

ಪ್ರೀತಿಯ ಮಗಳು ಕೆವೀನಾಳಿಗೆ,

ಹೇಗಿದ್ದೀಯಮ್ಮ? ಎಂಬಾಲೆ ಊರಿನ ಬೆಟ್ಟದ ಚಳಿಗಾಳಿ ಎದೆಗೆ ಹಿಡಿದಿಲ್ಲ ತಾನೆ? ಚಿಕ್ಕಂದಿನಲ್ಲಿ ಒಂದು ಮಳೆಯಲ್ಲಿ ನೆನೆದರೆ ಸಾಕು, ವಾರಪೂರ್ತಿ ಕೆಮ್ಮುತ್ತಿದ್ದವಳು ನೀನು. ಊಟ ಸರಿಯಾಗಿ ಮಾಡುತ್ತಿದ್ದೀಯಾ? ಆ ಕಡೆಯವರು ಬಾಳೆಕಾಯಿಯನ್ನು ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸದೆ ನೇರವಾಗಿ ನೀರಿಗೆ ಹಾಕಿ ಕುದಿಸುತ್ತಾರೆಂದು ಕೇಳಿದ್ದೇನೆ; ದೇವರು ಅವರನ್ನು ಕ್ಷಮಿಸಲಿ. ನಿನ್ನ ತರಬೇತಿ ಮುಗಿಯಲು ಇನ್ನು ಹತ್ತೇ ದಿನ. ಪರೀಕ್ಷೆಯಲ್ಲಿ ಆತುರಪಡಬೇಡ, ಅಕ್ಷರ ದುಂಡಗಿರಲಿ. ಮೇಲಿನ ವಿಳಾಸ ಓದಿ ನಿನ್ನ ಕೈ ಬಾಯಿಗೆ ಹೋಗಿರುತ್ತದೆ, ನನಗೆ ಗೊತ್ತು. ಕೂತುಕೋ. ನಾನು ಬದುಕಿದ್ದೇನೆ, ನಾಲ್ಕು ಜನರನ್ನು ಬಯ್ಯುವಷ್ಟು ಗಟ್ಟಿಯಾಗಿದ್ದೇನೆ, ಈ ಕಾಗದವನ್ನು ನನ್ನ ಕೈಯಿಂದಲೇ ಬರೆಯುತ್ತಿದ್ದೇನೆ.

ಜೂನ್ ಮೊದಲ ವಾರ ತೋಟದಲ್ಲಿ ಬಾಳೆಗೊನೆ ಕಡಿಯಲು ಹೋಗಿದ್ದೆ. ಒದ್ದೆ ಬಾಳೆಪಟ್ಟೆಯ ಮೇಲೆ ಕಾಲಿಟ್ಟು ಜಾರಿದೆ. ಗೊನೆ ಒಂದು ಕಡೆ, ನಾನು ಒಂದು ಕಡೆ. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು. ಕಾಲಿಗೆ ಪಟ್ಟಿ ಸುತ್ತಿ, ಹಗ್ಗ ಕಟ್ಟಿ, ಮಂಚದ ತುದಿಯಲ್ಲಿ ಮರಳಿನ ಚೀಲವೊಂದನ್ನು ನೇತುಹಾಕಿ ಒಂಬತ್ತು ವಾರ ಮಲಗಿಸಿಬಿಟ್ಟರು. ಆ ಚೀಲ ಹೋದ ಶನಿವಾರವಷ್ಟೇ ಬಿಚ್ಚಿದ್ದು. ನಿನಗೆ ತಿಳಿಸದಂತೆ ಎಲ್ಲರ ಬಾಯಿ ಕಟ್ಟಿದ್ದು ನಾನೇ. ತಿಳಿದಿದ್ದರೆ ನೀನು ಪುಸ್ತಕ ಮಡಚಿ ಬಸ್ಸು ಹತ್ತುತ್ತಿದ್ದೆ. ಮೂವತ್ತೊಂದು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವಳು ಸ್ವಂತ ಮಗಳ ಓದು ಕೆಡಿಸಲೇ? ನಿನ್ನ ಗಂಡ ದಾಮುಲಿರಾನಿಂದಲೂ ಆಣೆ ಹಾಕಿಸಿಕೊಂಡಿದ್ದೆ. ಅವನು ನಿನಗೆ ಬರೆದ ಎರಡು ಕಾಗದಗಳಲ್ಲಿ ನನ್ನ ಸುದ್ದಿ ಇಲ್ಲದ್ದಕ್ಕೆ ಅದೇ ಕಾರಣ. ನೀನು ಎರಡಕ್ಕೂ ಉತ್ತರ ಬರೆದಿಲ್ಲ ಎಂಬುದೂ ನನಗೆ ಗೊತ್ತು. ಅವನು ಹೇಳಲಿಲ್ಲ. ಅಂಚೆ ಬರುವ ದಿನ ಅವನು ಆಸ್ಪತ್ರೆಯ ಆಫೀಸಿನ ಕಡೆ ಬೇಗಬೇಗ ಹೋಗಿ ನಿಧಾನವಾಗಿ ವಾಪಸು ಬರುವುದು ಈ ಕಿಟಕಿಯಿಂದ ಕಾಣಿಸುತ್ತದೆ. ಅಲ್ಲಿಯ ಶಾಲೆಯವರು ಖಾಯಂ ಕೆಲಸ ಕೊಡುತ್ತಾರೆ, ಗಂಡನ ಹತ್ತಿರ ಬರದೆ ಅಲ್ಲೇ ಉಳಿಯಬೇಕೋ ಏನೋ ಈ ತಿಂಗಳೊಳಗೆ ಹೇಳಬೇಕು ಎಂದು ನೀನೇ ಬರೆದಿದ್ದೆ. ಆ ವಿಷಯಕ್ಕೆ ಕೊನೆಗೆ ಬರುತ್ತೇನೆ. ಮೊದಲು ಇಲ್ಲಿ ನಡೆದದ್ದನ್ನು ಕೇಳು.

ಮೊದಲ ಮೂರು ವಾರ ಈ ವಾರ್ಡಿನಲ್ಲಿ ನಾನು ಫೆಲಿಸಿತಾ ನಕಿವಾಲಾ ಆಗಿರಲಿಲ್ಲ, ಏಳನೇ ಮಂಚ ಆಗಿದ್ದೆ. ಇಲ್ಲಿಯ ಹಿರಿಯ ನರ್ಸು ಬಿಬಿಯಾನಾ ಕೆಟ್ಟವಳಲ್ಲ. ನಲವತ್ತು ಮಂಚಕ್ಕೆ ಇಬ್ಬರೇ ನರ್ಸುಗಳಿದ್ದರೆ ಯಾರ ದನಿಯಾದರೂ ಏರುತ್ತದೆ. ಆದರೆ ಅವಳ ದನಿ ಸಂತೆಯ ಆ ತುದಿಗೂ ಕೇಳಿಸುವಂಥದ್ದು. ಬಾಗಿಲಲ್ಲೇ ನಿಂತು, "ಏಳನೇ ಮಂಚಾ! ಇವತ್ತು ಎರಡಕ್ಕಾಯ್ತಾ ಇಲ್ವಾ?" ಎಂದು ಕೂಗುತ್ತಿದ್ದಳು. ರೋಗಿಗಳನ್ನು ನೋಡಲು ಬಂದ ಗಂಡಸರೆಲ್ಲ ನನ್ನ ಕಡೆ ತಿರುಗುತ್ತಿದ್ದರು. ಒಂದು ದಿನ ಅವರಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿದ್ದ. ತಡವಾಗಿ ಬಂದದ್ದಕ್ಕೆ ನಾನು ಅಂಗಳ ಗುಡಿಸಲು ಹಚ್ಚುತ್ತಿದ್ದವನು. ಈಗ ಅವನ ತಲೆಯೂ ನರೆತಿದೆ. ಅವನು ಪಾಪ ಕೂಡಲೇ ನೆಲ ನೋಡಿದ. ಅವನು ನೆಲ ನೋಡಿದ್ದೇ ನನಗೆ ತಡೆಯಲಾಗಲಿಲ್ಲ ಕೆವೀನಾ. ದಿನಾ ನರ್ಸುಗಳು ಹೊದಿಕೆ ಎಳೆದು ಹಾಕಿ, ಕಾಲು ಅಗಲಿಸಿ, ಸೌತೆಕಾಯಿ ತೊಳೆದಂತೆ ತೊಳೆದು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ನೋವಿಗಲ್ಲ, ನಾಚಿಕೆಗೆ ಅತ್ತೆ. ನಿನ್ನ ಅಪ್ಪ ಸತ್ತಾಗಲೂ ನಾನು ಜನರೆದುರು ಅತ್ತವಳಲ್ಲ.

ಆಮೇಲೆ ನಾನೊಂದು ಉಪಾಯ ಮಾಡಿದೆ. ಹೆಡ್‌ಮಿಸ್ಟ್ರೆಸ್ ತಲೆಯಲ್ಲವೇ? ತಿನ್ನದಿದ್ದರೆ, ಕುಡಿಯದಿದ್ದರೆ, ಬೆಡ್‌ಪ್ಯಾನ್ ಕೇಳುವ ಪ್ರಸಂಗವೇ ಬರುವುದಿಲ್ಲ. ಗಂಜಿಯನ್ನು ಮಗ್ದಲೇನಾಳಿಗೆ ಕುಡಿಸಿದೆ, ನೀರನ್ನು ಕಿಟಕಿಯಿಂದ ಚೆಲ್ಲಿದೆ. ಹೌದು, ನನ್ನ ಜೊತೆ ಇರಲು ಬಂದವಳು ನಮ್ಮ ಪಕ್ಕದ ಮನೆಯ ಮಗ್ದಲೇನಾಳೇ. ನನ್ನ ಬೇಲಿಯನ್ನು ವರ್ಷಕ್ಕೆ ಒಂದು ಮೊಳ ಒಳಗೆ ತಳ್ಳುವವಳು. ನನ್ನ ಮಂಚದ ಕೆಳಗೆ ಚಾಪೆ ಹಾಸಿ ಮಲಗುತ್ತಾಳೆ, ಹೊರಗಿನ ಅಡುಗೆಮನೆಯಲ್ಲಿ ಬೇಯಿಸಿ ತರುತ್ತಾಳೆ, ಆಸ್ಪತ್ರೆಯ ಸುದ್ದಿಯನ್ನೆಲ್ಲ ಬೇಯಿಸದೆ ಹಸಿಯಾಗಿಯೇ ತರುತ್ತಾಳೆ. "ನೀರು ಚೆಲ್ತೀಯಲ್ಲ, ಒಣಗಿ ಸಾಯ್ತೀಯ ನೋಡು!" ಎಂದು ಗದರಿದಳು. ಸಾಯುತ್ತೇನೆ ಎಂದೆ. ಸುಮ್ಮನೆ ಹೇಳಿದ್ದಲ್ಲ. ತುಟಿ ಒಡೆದಿತ್ತು, ತಲೆ ತಿರುಗುತ್ತಿತ್ತು, ಬೆನ್ನ ಕೆಳಗೆ ಹುಣ್ಣು ಕಾಣಿಸಿಕೊಂಡಿತ್ತು. ಬದುಕುವುದಕ್ಕಿಂತ ಮುಚ್ಚಿಕೊಂಡಿರುವುದು ದೊಡ್ಡದು ಎಂದು ಆಗ ನಿಜವಾಗಿಯೂ ಅನಿಸಿತ್ತು.

ಹೀಗಿರುವಾಗ ಇನ್ನೊಬ್ಬ ನರ್ಸು ಹೆರಿಗೆ ರಜೆ ಹಾಕಿದಳು. ಇಲ್ಲಿಯ ಗಂಡಸರ ವಾರ್ಡಿನಲ್ಲಿ ನರ್ಸಾಗಿದ್ದ ದಾಮುಲಿರಾನನ್ನು ಈ ಸಾಲಿಗೆ ಹಾಕಿದರು. ಸುದ್ದಿ ಕೇಳಿ ನಾನು ಹೊದಿಕೆಯನ್ನು ತಲೆಯ ಮೇಲಿನವರೆಗೆ ಎಳೆದುಕೊಂಡೆ. ಅತ್ತೆಯನ್ನು ಅಳಿಯ ತೊಳೆಯುವುದೇ! ನಿನ್ನನ್ನು ಕೇಳಲು ಅವನು ಬಂಧುಗಳ ಜೊತೆ ಬಂದ ದಿನ ನಾನು ಗೋಡೆಯ ಕಡೆ ತಿರುಗಿ ಅವನ ನಮಸ್ಕಾರ ಸ್ವೀಕರಿಸಿದ್ದು ನಿನಗೆ ನೆನಪಿದೆಯಲ್ಲ. ಮದುವೆಯಾದ ಈ ಎರಡು ವರ್ಷದಲ್ಲಿ ಅವನ ಕೈಯಿಂದ ಒಂದು ಲೋಟ ನೀರು ತೆಗೆದುಕೊಂಡಿಲ್ಲ. ಅವನು ಸ್ಟೂಲಿನ ಮೇಲಿಟ್ಟು ದೂರ ಸರಿಯಬೇಕು, ಆಮೇಲೆ ನಾನು ಎತ್ತಿಕೊಳ್ಳಬೇಕು. ಅತ್ತೆ ಅಳಿಯ ಮೈ ಸೋಕಿದರೆ ಕೈಕಾಲಿಗೆ ನಡುಕ ಹಿಡಿಯುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನಾನು ಅದನ್ನು ನಂಬುವುದಿಲ್ಲ ಎಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ, ಮನೆಯಲ್ಲಿ ಪಾಲಿಸುತ್ತಿದ್ದೆ. ಇದರ ಮೇಲೆ ನನಗೆ ಅವನ ಮೇಲಿದ್ದ ತಾತ್ಸಾರ ಬೇರೆ. ಗಂಡಸಾಗಿ ನರ್ಸು, ಕಂಡವರ ಹೊಲಸು ಬಳಿಯುವವನು ಎಂದು ಎಷ್ಟು ಸಲ ಅಂದಿಲ್ಲ ನಾನು.

ಅವನು ಬಂದ. ವಾರ್ಡಿನ ಒಳಗೆ ಬರಲಿಲ್ಲ. ಬಾಗಿಲಲ್ಲಿ ನಮ್ಮ ಕಡೆ ಬೆನ್ನು ಮಾಡಿ ನಿಂತು ಮಗ್ದಲೇನಾಳನ್ನು ಕರೆದ. "ಅಮ್ಮನವರಿಗೆ ಹೇಳಿ, ಈ ಸಾಲು ನನ್ನ ಪಾಲಿಗೆ ಬಂದಿದೆ. ನಾನು ಬೇಡ ಅಂತ ಅವರಂದ್ರೆ ಈಗ್ಲೇ ಬೇರೆಯವರನ್ನ ಕೇಳ್ತೀನಿ, ಬೇಜಾರಿಲ್ಲ. ಆಗಬಹುದು ಅಂದ್ರೆ ನಾನು ಮಂಚದ ಹತ್ತಿರ ಬರಲ್ಲ, ನನ್ನ ಮಾತು ಮಾತ್ರ ಬರುತ್ತೆ." ಹೊದಿಕೆಯ ಒಳಗಿನಿಂದಲೇ ನಾನು, "ಮಗ್ದಲೇನಾ, ಅವನ ಮಾತು ಕೂಡ ಕೈ ತೊಳ್ಕೊಂಡು ಬರ್ಲಿ ಅಂತ ಹೇಳು" ಎಂದೆ. ವಾರ್ಡೆಲ್ಲ ನಕ್ಕಿತು. ಅವನು ಅಲ್ಲಿಂದಲೇ, "ಎರಡು ಸಲ ತೊಳ್ಕೊಂಡೇ ಬಂದಿದೀನಿ ಅಮ್ಮಾ" ಎಂದ. ಸಿಟ್ಟಿಲ್ಲ, ಅಣಕವಿಲ್ಲ. ನನ್ನ ಉತ್ತರಕ್ಕೆ ಕಾದು ನಿಂತ. ಆ ಮೂರು ವಾರದಲ್ಲಿ ನನ್ನನ್ನು ಯಾರಾದರೂ ಏನನ್ನಾದರೂ ಕೇಳಿದ್ದು, ಕೇಳಿ ಕಾದದ್ದು, ಅದೇ ಮೊದಲು. ಆಗಲಿ ಎಂದೆ. ಸೋತು ಹೇಳಿದೆ, ಒಪ್ಪಿ ಹೇಳಿದ್ದಲ್ಲ.

ಮಧ್ಯಾಹ್ನದ ಹೊತ್ತಿಗೆ ಮಂಚದ ಸುತ್ತ ಹಗ್ಗ ಕಟ್ಟಿಸಿ, ಹಳೆಯ ಹಾಸುಬಟ್ಟೆಗಳನ್ನು ಹೊಲಿಸಿ ಪರದೆ ಹಾಕಿಸಿದ. ಕಟ್ಟಿದವಳು ಮಗ್ದಲೇನಾ, ಅವನು ದೂರದಲ್ಲೇ ನಿಂತು ಗಂಟು ಹಾಕುವುದನ್ನು ಹೇಳಿಕೊಟ್ಟ. ಬಿಬಿಯಾನಾ ಸೊಂಟಕ್ಕೆ ಕೈಯಿಟ್ಟು, "ಅತ್ತೆ ಅಂತ ಪರದೆ ಕಟ್ಟಿದ್ರೆ ನಲವತ್ತು ಮಂಚಕ್ಕೂ ಕಟ್ಬೇಕಾಗುತ್ತೆ, ತಿಳ್ಕೋ" ಎಂದಳು. ಅವನು, "ಹೌದಕ್ಕ, ಅದೇ ನಾನೂ ಯೋಚಿಸ್ತಿದ್ದೆ. ದಿನಕ್ಕೆ ಎರಡು ಕಟ್ಟಿದ್ರೆ ಮೂರು ವಾರದಲ್ಲಿ ಮುಗಿಯುತ್ತೆ" ಎಂದ. ಅವಳು ಸೊಂಟದಿಂದ ಕೈ ತೆಗೆದು ಮುಂದಿನ ಮಂಚದ ಕಡೆ ನಡೆದಳು. ಅದನ್ನು ನೋಡಿ ನನಗೆ ಆ ನೋವಿನಲ್ಲೂ ಖುಷಿಯಾಯಿತು. ಸಂಜೆ ಮಂಚದ ತಲೆಯ ಹಲಗೆಯಿಂದ ಏಳು ಎಂಬ ಅಂಕಿ ಅಳಿಸಿ ಸೀಮೆಸುಣ್ಣದಲ್ಲಿ ನನ್ನ ಪೂರ್ತಿ ಹೆಸರು ಬರೆಸಿದ.

ಮರುದಿನದಿಂದ ಪಾಠ ಶುರುವಾಯಿತು. ಅವನು ಪರದೆಯ ಆಚೆ, ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂರುತ್ತಿದ್ದ. ಒಳಗೆ ಮಗ್ದಲೇನಾ, ನೀರಿನ ಬೋಗುಣಿ, ನಾನು. "ಬರ್ಬೋದಾ ಅಮ್ಮಾ?" ಎಂದು ಮೊದಲು ಕೇಳುತ್ತಿದ್ದ. ಬರುವುದು ಅವನ ಮಾತಷ್ಟೇ, ಆದರೂ ಕೇಳುತ್ತಿದ್ದ. ನಾನು ಹೂಂ ಎನ್ನುವವರೆಗೆ ಮಾತು ಮುಂದಕ್ಕೆ ಹೋಗುತ್ತಿರಲಿಲ್ಲ. "ಮೊದಲು ಮುಖ. ಬಟ್ಟೆ ಅವರ ಕೈಗೇ ಕೊಡಿ, ಮುಖ ಅವರೇ ಒರೆಸ್ಕೊಳ್ಳಲಿ, ಅವರ ಕೈಗೇನೂ ಆಗಿಲ್ಲ. ಈಗ ಒಂದು ತೋಳು. ಆ ತೋಳು ಬಿಟ್ಟು ಬೇರೆಲ್ಲ ಮುಚ್ಚಿರ್ಲಿ. ಒರೆಸಿ ಮುಚ್ಚಿದ ಮೇಲೇ ಇನ್ನೊಂದನ್ನ ತೆಗೀರಿ. ನೀರು ತಣ್ಣಗಾಯ್ತಾ ಕೇಳಿ. ನನ್ನನ್ನಲ್ಲ, ಅವರನ್ನ ಕೇಳಿ." ಹೀಗೆ ಒಂದು ಸಲಕ್ಕೆ ಒಂದು ಅಂಗೈಯಗಲ ಮಾತ್ರ ಬಯಲಾಗಿ, ಒಮ್ಮೆಯೂ ಪೂರ್ತಿ ಬೆತ್ತಲಾಗದೆ ನನ್ನ ಮೈಯೆಲ್ಲ ಶುಚಿಯಾಯಿತು. ಉಳಿದ ಜಾಗದ ಮಾತು ಬಂದಾಗ ಅವನು, "ಇನ್ನು ಅವರಿಗೆ ಗೊತ್ತು, ನಿಮಗೆ ಗೊತ್ತು, ನಾನು ಹೊರಗೆ ಹೋಗ್ತೀನಿ" ಎಂದು ಎದ್ದು ನಡೆದುಬಿಡುತ್ತಿದ್ದ. ಬೆಡ್‌ಪ್ಯಾನ್ ಬೇಕಾದರೆ ಕೂಗುವುದೂ ಬೇಕಿರಲಿಲ್ಲ. ಕಿಟಕಿಯ ಸರಳಿಗೆ ಒಂದು ಕೆಂಪು ದಾರ ಕಟ್ಟಿಸಿದ್ದ, ಅದನ್ನು ಈಚೆಗೆ ಎಳೆದರೆ ಮಗ್ದಲೇನಾ ಅಡುಗೆಮನೆಯಿಂದಲೇ ನೋಡಿ ಓಡಿ ಬರುತ್ತಿದ್ದಳು. ನಾಲ್ಕನೇ ದಿನ ನಾನು ಎರಡು ಲೋಟ ಗಂಜಿ ಕುಡಿದೆ. ಹುಣ್ಣು ಒಣಗಿತು. ಮಗ್ದಲೇನಾ ಈಗ ಪಕ್ಕದ ಮಂಚದವರ ಜೊತೆಗಿರುವ ಹೆಂಗಸರಿಗೆಲ್ಲ ಪಾಠ ಹೇಳುತ್ತಾಳೆ, "ತೋಳು ಮುಚ್ಚದೆ ಕಾಲು ತೆಗೀತೀಯಲ್ಲೇ, ಬುದ್ಧಿ ಇದ್ಯಾ?" ಎಂದು.

ಸುಳ್ಳು ಹೇಳುವುದಿಲ್ಲ, ಆಗಲೂ ನನ್ನ ಮನಸ್ಸು ಪೂರ್ತಿ ತಿಳಿಯಾಗಿರಲಿಲ್ಲ. ಅತ್ತೆಯೆಂದು ಮಾಡುತ್ತಿದ್ದಾನೆ, ಮಗಳಿಗೆ ಒಳ್ಳೆಯ ಮಾತು ಹೇಳಲಿ ಎಂದು ಮಾಡುತ್ತಿದ್ದಾನೆ ಅಂದುಕೊಂಡಿದ್ದೆ. ಆಗ ನನ್ನ ಪಕ್ಕದ ಮಂಚಕ್ಕೆ ಸರೋವರದ ದಡದ ಮೀನುಗಾರರ ಬೀಡಿನಿಂದ ಒಬ್ಬ ಮುದುಕಿಯನ್ನು ತಂದು ಹಾಕಿದರು. ಜೊತೆಗೆ ಯಾರೂ ಇಲ್ಲ, ನಮ್ಮ ಭಾಷೆ ಬಾರದು, ಚೀಟಿಯಲ್ಲಿ ಹೆಸರಿನ ಜಾಗ ಖಾಲಿ. ಅವನು ಮೂರು ದಿನ, ಬಂದಾಗಲೆಲ್ಲ, ತನಗೆ ಬರುವ ಅರೆಬರೆ ಭಾಷೆಗಳಲ್ಲೆಲ್ಲ ಅವಳ ಹೆಸರು ಕೇಳಿದ. ಮೂರನೇ ದಿನ ಅವಳು ಮುಕಾಮುಸೋನಿ ಎಂದಳು. ರುವಾಂಡಾ ಕಡೆಯವಳು. ಅದನ್ನು ಹಲಗೆಯ ಮೇಲೆ ಬರೆದ. ಆ ಹೆಂಗಸಿಗೆ ಯಾವ ಅಳಿಯನೂ ಇರಲಿಲ್ಲ, ಅವಳು ಯಾರ ಮಗಳಿಗೂ ಏನೂ ಹೇಳುವಂತಿರಲಿಲ್ಲ. ಆದರೂ ಅವಳ ಪರದೆಯ ಹೊರಗೆ ನಿಂತು ಅವನು ಅದೇ ದನಿಯಲ್ಲಿ, "ಬರ್ಬೋದಾ ಅಮ್ಮಾ?" ಎಂದು ಕೇಳುತ್ತಿದ್ದ. ಉತ್ತರ ಬರಲು ಕೆಲವೊಮ್ಮೆ ಬಹಳ ಹೊತ್ತಾಗುತ್ತಿತ್ತು. ನಾನು ಈ ಕಡೆ ಮಲಗಿ, ಸೋಮಾರಿ ಹುಡುಗನ ತಪ್ಪು ಹುಡುಕುವ ಮೇಷ್ಟ್ರ ಹಾಗೆ, ಒಂದು ಸಲವಾದರೂ ಕೇಳದೆ ಒಳಗೆ ಹೋಗುತ್ತಾನೇನೋ ಎಂದು ಕಿವಿಯಿಟ್ಟು ಕೇಳುತ್ತಿದ್ದೆ. ಹೋಗಲಿಲ್ಲ.

ಹನ್ನೆರಡನೇ ದಿನ ಮಧ್ಯಾಹ್ನ ಅವಳು ತೀರಿಕೊಂಡಳು. ಸ್ನಾನ ಮಾಡಿಸಲು ಅವನ ಜೊತೆ ಮಗ್ದಲೇನಾ ಒಳಗೆ ಹೋದಳು. ಪರದೆಯ ಆಚೆಯಿಂದ ನಾನು ಕೇಳಿಸಿಕೊಂಡದ್ದನ್ನು ಇದ್ದ ಹಾಗೆ ಬರೆಯುತ್ತೇನೆ. "ಮುಕಾಮುಸೋನಿಯಮ್ಮಾ, ಬರ್ತಿದೀವಿ. ಈಗ ಮುಖ ಒರೆಸ್ತೀನಿ. ನೀರು ಬೆಚ್ಚಗಿದೆ. ಈಗ ಎಡಗಡೆ ತಿರುಗಿಸ್ತೀವಿ ಅಮ್ಮಾ, ಸ್ವಲ್ಪ ಭಾರ ಆಗುತ್ತೆ, ಕ್ಷಮಿಸಿ." ಮಗ್ದಲೇನಾ, "ಅಯ್ಯೋ ದಾಮುಲಿರಾ, ಅವಳಿಗೆಲ್ಲಿ ಕೇಳುತ್ತಪ್ಪಾ?" ಎಂದಳು. ಅವನು, "ನಮಗೆ ಕೇಳುತ್ತಲ್ಲ" ಎಂದ. ನಾನು ಗೋಡೆಯ ಕಡೆ ಮುಖ ತಿರುಗಿಸಿಕೊಂಡೆ. ಈ ಸಲ ನಾಚಿಕೆಯಾದದ್ದು ನನ್ನ ಮೈಯಿಂದಲ್ಲ, ನನ್ನ ನಾಲಗೆಯಿಂದ. ನಾನು ಹೊಲಸು ಬಳಿಯುವ ಕೈ ಎಂದದ್ದು ಈ ಕೈಯನ್ನು. ಮೂವತ್ತೊಂದು ವರ್ಷ ಮಕ್ಕಳಿಗೆ ಮರ್ಯಾದೆ ಕಲಿಸಿದವಳು ನಾನು ಎಂದು ಬೀಗುತ್ತಿದ್ದೆ. ಸತ್ತವಳನ್ನೂ ಕೇಳಿ ಮುಟ್ಟುವಷ್ಟು ಮರ್ಯಾದೆ ನನಗೆ ಗೊತ್ತಿರಲಿಲ್ಲ.

ಈಗ ಬಟ್ಟೆಯ ವಿಷಯ. ಜುಲೈ ಕೊನೆಯ ವಾರ ನನಗೆ ಮಲೇರಿಯಾ ಬಂತು. ಮಂಗಳವಾರ ಬೆಳಿಗ್ಗೆ ಚಳಿ ಹತ್ತಿದ್ದು ನೆನಪಿದೆ. ಮಧ್ಯಾಹ್ನದ್ದು ಏನೂ ನೆನಪಿಲ್ಲ. ಗುರುವಾರ ಕಣ್ಣು ಬಿಟ್ಟಾಗ ಮೈಯೆಲ್ಲ ಶುಚಿಯಾಗಿತ್ತು, ಹೊದಿಕೆ ಗಲ್ಲದವರೆಗೆ ಸರಿಯಾಗಿ ಮುಚ್ಚಿತ್ತು, ಮಗ್ದಲೇನಾ ಪಕ್ಕದಲ್ಲಿ ಕೂತು ತೂಕಡಿಸುತ್ತಿದ್ದಳು. ಸ್ಟೂಲಿನ ಮೇಲೆ ಮಡಚಿಟ್ಟ ಹೊಸ ತೊಗಟೆಬಟ್ಟೆ. ಸಂತೆಯ ಸರಕಲ್ಲ, ಮುತುಬಾ ಮರದ ತೊಗಟೆಯನ್ನು ಬೇಯಿಸಿ, ಕೊಡತಿಯಿಂದ ದಿನವಿಡೀ ಬಡಿದು ಹದ ಮಾಡಿದ್ದು, ಎಲ್ಲೂ ತೇಪೆಯಿಲ್ಲದ್ದು, ಇಟ್ಟಿಗೆಯಂಥ ಕೆಂಪು. ಯಾರು ತಂದದ್ದು ಎಂದೆ. "ನಿನ್ನ ಅಳಿಯ ಕೊಟ್ಟ, ನಿನ್ನ ಹತ್ರ ಇಡು ಅಂದ, ಯಾಕೆ ಅಂತ ಹೇಳ್ಲಿಲ್ಲ" ಎಂದಳು.

ನಮ್ಮಲ್ಲಿ ಹೆಣಕ್ಕೆ ಸುತ್ತುವುದು ಅದನ್ನೇ ತಾನೆ? ನಿನ್ನ ಅಪ್ಪನಿಗೆ ಹನ್ನೊಂದು ಸುತ್ತಿದ್ದೆವು. ಡಾಕ್ಟರು ಇವನಿಗೆ ಏನೋ ಹೇಳಿದ್ದಾರೆ, ನಾನು ಉಳಿಯುವುದಿಲ್ಲ, ಅಳಿಯ ಜವಾಬ್ದಾರಿಯವನು ನೋಡು, ಮುಂಚೆಯೇ ತಂದಿಟ್ಟಿದ್ದಾನೆ ಎಂದುಕೊಂಡೆ. ಭಯ ಒಂದು ಗಳಿಗೆ, ಆಮೇಲೆ ಸಿಟ್ಟು. ಅವನ ಹೆಜ್ಜೆ ಪರದೆಯ ಹೊರಗೆ ಬಂದು, "ಬರ್ಬೋದಾ ಅಮ್ಮಾ?" ಎಂದದ್ದೇ ತಡ, ವಾರ್ಡೆಲ್ಲ ನಡುಗುವಂತೆ ಕೂಗಿದೆ: "ಬರ್ಬೇಡ! ನಾನಿನ್ನೂ ಸತ್ತಿಲ್ಲ ಕಣಯ್ಯಾ! ನನ್ನ ಹೆಣಕ್ಕೆ ಬಟ್ಟೆ ತರೋಕೆ ನಿಂಗಷ್ಟು ಅವಸರಾನಾ?" ಬಿಬಿಯಾನಾಳನ್ನೂ ಮೀರಿಸಿದೆನೆಂದು ಮಗ್ದಲೇನಾ ಆಮೇಲೆ ಹೇಳಿದಳು.

ಅವನು ಮೊದಲು ಮಗ್ದಲೇನಾಳನ್ನು ಬಿಸಿನೀರು ತರಲು ಕಳಿಸಿದ. ಅವಳು ಹೋದ ಮೇಲೆ, ನನಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ, "ಅದು ಹೋಗುವಾಗ ಸುತ್ಕೊಳ್ಳೋಕಲ್ಲ ಅಮ್ಮಾ. ಮಂಗಳವಾರ ಮಧ್ಯಾಹ್ನ ಮಗ್ದಲೇನಮ್ಮ ಅಡುಗೆಮನೇಲಿದ್ರು. ಬಿಬಿಯಾನಕ್ಕ ಆಪರೇಷನ್ ಕೋಣೇಲಿ. ನೀವು ಜ್ವರದಲ್ಲಿ ಹೊದಿಕೆ ಎಲ್ಲ ಕಿತ್ತು ಹಾಕಿದ್ರಿ. ವಾಂತಿ ಗಂಟಲಿಗೆ ಸಿಕ್ಕಿ ಉಸಿರು ನಿಂತಿತ್ತು. ನಾನೊಬ್ನೇ ಇದ್ದೆ" ಎಂದ.

ಅಷ್ಟೇ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಅಳಿಯನಾದವನು ನೋಡಬಾರದ್ದನ್ನು ನೋಡಿಬಿಟ್ಟರೆ, ಮುಟ್ಟಬಾರದವಳನ್ನು ಮುಟ್ಟಿಬಿಟ್ಟರೆ, ಅತ್ತೆಗೆ ತೊಗಟೆಬಟ್ಟೆ ಕಳಿಸಬೇಕು, ತಾಯೀ ನಿನ್ನನ್ನು ಮತ್ತೆ ಮುಚ್ಚಿಕೋ ಎಂದು. ನನ್ನ ಅಜ್ಜಿಯ ಕಾಲದ ರೂಢಿ. ನಾನೇ ಮರೆತಿದ್ದೆ. ಅವನು ಮರೆತಿರಲಿಲ್ಲ. ಯೋಚಿಸಿ ನೋಡು ಕೆವೀನಾ, ನನಗೆ ಪ್ರಜ್ಞೆ ಇರಲಿಲ್ಲ, ಯಾರೂ ನೋಡಿರಲಿಲ್ಲ. ಮಗ್ದಲೇನಾ ಬರುವಷ್ಟರಲ್ಲಿ ಅವನು ನನ್ನನ್ನು ಉಳಿಸಿ, ತೊಳೆದು, ಮುಚ್ಚಿ, ಹೊರಗೆ ಸ್ಟೂಲಿನ ಮೇಲೆ ಬೆನ್ನು ಮಾಡಿ ಕೂತಾಗಿತ್ತು. ಸುಮ್ಮನಿದ್ದರೆ ಈ ಜನ್ಮದಲ್ಲಿ ನನಗೆ ತಿಳಿಯುತ್ತಿರಲಿಲ್ಲ. ನಡುಕ ಬರುತ್ತೆ ಅಂತ ಹೆದರಿ ತಂದೆಯಾ ಎಂದು ಕೇಳಿದೆ; ನನ್ನ ದನಿಯೇ ನಡುಗುತ್ತಿತ್ತು. "ನಡುಕಕ್ಕೆ ಹೆದರಲ್ಲ ಅಮ್ಮಾ. ನಿಮ್ಮನ್ನ ಕೇಳದೆ ಮುಟ್ಟಿದೀನಿ. ಕೇಳೋಕೆ ಹೊತ್ತಿರ್ಲಿಲ್ಲ. ಅದು ನಿಮಗೆ ತಿಳಿದಿರ್ಬೇಕು, ನಿಮ್ಮ ಮೈ ಅಲ್ವಾ?"

ನನ್ನ ಮೈ. ಅರವತ್ತೊಂಬತ್ತು ವರ್ಷ ವಯಸ್ಸಾದ, ಮುರಿದ, ಯಾರು ಬೇಕಾದರೂ ತೆರೆದು ನೋಡಿ ಹೋದ ಈ ಮೈ ಇನ್ನೂ ನನ್ನದೇ ಎಂದು ನನಗೆ ಹೇಳಿದವನು ಅವನು. ಅತ್ತುಬಿಟ್ಟೆ. ಜೋರಾಗಿಯೇ ಅತ್ತುಬಿಟ್ಟೆ. ಅವನು ಹೋಗಲಿಲ್ಲ, ಒಳಗೂ ಬರಲಿಲ್ಲ. ಅಳು ನಿಂತ ಮೇಲೆ, "ಬಣ್ಣ ಚೆನ್ನಾಗಿದೆ" ಎಂದೆ. ಪರದೆಯ ಆಚೆ ಅವನು ನಕ್ಕದ್ದು ಕೇಳಿಸಿತು. ಅವನ ನಗು ಚೆನ್ನಾಗಿದೆ, ಗೊತ್ತಾ? ಎರಡು ವರ್ಷದಲ್ಲಿ ನನ್ನೆದುರು ಅವನು ನಕ್ಕದ್ದೇ ಇಲ್ಲ. ನಗುವಂತೆ ನಾನೆಂದು ಇದ್ದೆ?

ಈಗ ನಲವತ್ತು ಮಂಚಕ್ಕೂ ಪರದೆ ಬಂದಿದೆ. ಕೆಲವು ಹಿಟ್ಟಿನ ಚೀಲದವು, ಮೇಲೆ ಗಿರಣಿಯ ಮುದ್ರೆ ಹಾಗೆಯೇ ಇದೆ. ಮೊನ್ನೆ ಬಿಬಿಯಾನಾ ನನ್ನ ಪರದೆಯ ಹತ್ತಿರ ಬಂದು, ಗಂಟಲು ಸರಿಮಾಡಿಕೊಂಡು, "ನಕಿವಾಲಮ್ಮಾ, ಬರ್ಲಾ?" ಎಂದಳು. ಅವಳಿಗೆ ಅದು ಎಷ್ಟು ಕಷ್ಟವಾಯಿತೆಂದರೆ, ಪಾಪ, ಬಂದ ಕೆಲಸವೇ ಮರೆತು ನಿಂತಳು. ಸೋಮವಾರದಿಂದ ನಾನು ಎರಡು ಊರುಗೋಲು ಹಿಡಿದು ನಿಲ್ಲುತ್ತಿದ್ದೇನೆ. ತೊಗಟೆಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆಗೆ ನಾಲ್ಕು ಹೆಜ್ಜೆ ನಡೆದೆ. ಹಳೆಯ ಕಾಲದ ರಾಣಿಯಂತೆ ಕಾಣುತ್ತೀಯ ಎಂದಳು ಮಗ್ದಲೇನಾ. ಬೇಲಿಯ ವಿಷಯದಲ್ಲಿ ಏನೋ ಕೇಳುವುದಿರಬೇಕು.

ನಾಳೆ ಮಾತೆ ಮರಿಯಳ ಹಬ್ಬ. ನೀನು ಪೂಜೆಗೆ ಹೋಗು, ನನ್ನ ಹೆಸರಲ್ಲಿ ಒಂದು ಮೇಣದಬತ್ತಿ ಹಚ್ಚು, ಮುಕಾಮುಸೋನಿಯ ಹೆಸರಲ್ಲಿ ಇನ್ನೊಂದು. ನಿನ್ನ ಜೊತೆ ಓದುವವರಿಗೆಲ್ಲ ನನ್ನ ನಮಸ್ಕಾರ ಹೇಳು. ದೇವರ ಕೈ ನಿನ್ನ ತಲೆಯ ಮೇಲಿರಲಿ, ನಿನ್ನ ಓದು ನಿನ್ನನ್ನು ದೊಡ್ಡವಳನ್ನಾಗಿ ಮಾಡಲಿ, ಮಗಳೇ. ಚಳಿಗೆ ಸ್ವೆಟರ್ ಹಾಕಿಕೋ.

ನಿನ್ನ ತಾಯಿ,
ಫೆಲಿಸಿತಾ ನಕಿವಾಲಾ

ಮರೆತೆ: ಮರೆತದ್ದೇನಲ್ಲ, ಹೇಳಲು ಧೈರ್ಯ ಸಾಲದೆ ಮುಂದೂಡಿದ್ದು. ಮಗ್ದಲೇನಾ ಲಕೋಟೆ ಅಂಟಿಸಲು ಕಾದು ಕೂತಿದ್ದಾಳೆ, ಬೇಗ ಬರೆಯುತ್ತೇನೆ. ಮೇ ತಿಂಗಳಲ್ಲಿ, "ಅಲ್ಲೇ ಕೆಲಸ ಹಿಡಿದು ಇದ್ದುಬಿಡು, ಊರವರ ಹೊಲಸು ಬಳಿಯುವ ಕೈಗೆ ನಿನ್ನನ್ನು ಕೊಟ್ಟು ತಪ್ಪು ಮಾಡಿದೆ" ಎಂದು ಬರೆದಿದ್ದೆನಲ್ಲ, ಆ ಕಾಗದವನ್ನು ಒಲೆಗೆ ಹಾಕು. ಜನವರಿಯ ಜಗಳದಲ್ಲಿ, "ಆ ಕೈಯಿಂದ ನನ್ನ ತಟ್ಟೆ ಮುಟ್ಟಬೇಡ" ಎಂದು ನೀನು ಅವನಿಗೆ ಅಂದ ಮಾತೂ ನಿನ್ನದಲ್ಲ, ನನ್ನಿಂದ ಕಲಿತದ್ದು. ಅದಕ್ಕೆ ಕ್ಷಮೆ ಕೇಳಬೇಕಾದವಳು ನಾನು. ಪರದೆಯ ಈಚೆಯಿಂದ ಅವನ ಕ್ಷಮೆ ಕೇಳಿದ್ದೇನೆ. ಅವನು, "ನೀರು ಕುಡಿದ್ರಾ ಅಮ್ಮಾ?" ಎಂದ. ಕೆಲಸ ಒಪ್ಪುವುದು, ಬಿಡುವುದು ನಿನ್ನಿಷ್ಟ. ಕೇಳದೆ ಬಾಯಿ ಹಾಕುವುದನ್ನು ನಾನು ಬಿಟ್ಟಿದ್ದೇನೆ. ಆದರೆ ಈ ಕಾಗದ ಅಂಚೆಯಲ್ಲಿ ಬಂದದ್ದಲ್ಲ. ಎರಡು ತಿಂಗಳಲ್ಲಿ ಅವನು ತೆಗೆದುಕೊಂಡ ಮೊದಲ ರಜೆ ನಾಳೆ, ಇದನ್ನು ನಿನಗೆ ತಲುಪಿಸಲು. ಇದರಲ್ಲಿ ಏನಿದೆಯೆಂದು ಅವನಿಗೆ ಗೊತ್ತಿಲ್ಲ. ನಿಮ್ಮ ತರಬೇತಿ ಶಾಲೆಯ ಕಾವಲುಗಾರನ ಕೈಗೆ ಕೊಟ್ಟು ಗೇಟಿನ ಹೊರಗೆ ನಿಂತಿರು ಎಂದಿದ್ದೇನೆ. ಬೆಳಗಿನಿಂದ ಏನೂ ತಿಂದಿರುವುದಿಲ್ಲ, ಬಸ್ಸಿನಲ್ಲಿ ತಿಂದರೆ ಅವನಿಗೆ ಆಗುವುದಿಲ್ಲವಂತೆ. ನೀನು ಕರೆಯದಿದ್ದರೆ ಸಂಜೆಯವರೆಗೆ ಅಲ್ಲೇ ನಿಂತಿದ್ದು ಹಾಗೆಯೇ ವಾಪಸು ಬರುತ್ತಾನೆ. ಕೇಳದೆ ಒಳಗೆ ಕಾಲಿಡುವವನಲ್ಲ. ಎದ್ದು ಹೋಗಿ ಕರೆ.